ಲೈಲ್‌ನ ಜಾಕ್

ಕಸದ ಲಾರಿಯ ಸದ್ದಿಗೆ ವ್ಯಾಲರಿಗೆ ಎಚ್ಚರವಾಯಿತು. ಲಾರಿ ಬಂದಿದೆ ಎಂದರೆ ಇವತ್ತು ಮಂಗಳವಾರ. ಶನಿವಾರ ಗಂಡ ವೆಂಡೆಲ್‌ನನ್ನು ಮಣ್ಣು ಮಾಡಿದ್ದರು. ಭಾನುವಾರ ನೆಂಟರಿದ್ದರು, ಸೋಮವಾರ ನೆಂಟರು ಹೋದರು. ಮಂಗಳವಾರಕ್ಕೆ ಇನ್ನೂ ಯಾವ ಹೆಸರೂ ಇರಲಿಲ್ಲ. ಕಸದ ಡಬ್ಬಿ ಹೊರಗಿಡುವುದು ವೆಂಡೆಲ್‌ನ ಕೆಲಸ. ಲಾರಿ ಮನೆಯ ಮುಂದೆ ಕೊಂಚ ನಿಧಾನಿಸಿ, ಡಬ್ಬಿ ಕಾಣದೆ ಮುಂದೆ ಹೋಯಿತು.

ಕಾಫಿಗೆ ಹಾಲು ಬೇಕೆಂದು ಫ್ರಿಜ್ ತೆಗೆದಳು. ಹಾಲು ಎಲ್ಲೋ ಹಿಂದೆ ಹೂತುಹೋಗಿತ್ತು. ಮುಂದೆಲ್ಲ ಸಾವಿನ ಮನೆಗೆ ಊರವರು ತಂದುಕೊಟ್ಟ ಅಡುಗೆ: ಕೋಳಿ ಹಾಕಿದ ನೂಡಲ್ಸು, ಹಂದಿಮಾಂಸದ ಜೊತೆ ಬೇಯಿಸಿದ ಆಲೂಗಡ್ಡೆ, ಯಾರೂ ಮುಟ್ಟದ ಹಸಿರು ಜೆಲ್ಲಿ. ಪ್ರತಿ ಪಾತ್ರೆಯ ತಳಕ್ಕೂ ಒಂದು ಅಂಟುಪಟ್ಟಿ, ಅದರ ಮೇಲೆ ಒಡತಿಯ ಹೆಸರು. ದುಃಖ ತನ್ನ ಪಾಡಿಗಿರಲಿ, ಪಾತ್ರೆ ಮಾತ್ರ ಹಿಂದಕ್ಕೆ ಹೋಗಬೇಕು. ಮಿಸ್ಸೂರಿಯ ಆ ಭಾಗದಲ್ಲಿ ಅದು ಎಲ್ಲರಿಗೂ ಗೊತ್ತಿದ್ದ ನಿಯಮ. ನೂಡಲ್ಸಿನ ಪಾತ್ರೆ ಎತ್ತಿದಳು. 'ಗ್ಲೆಂಡಾ' ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು. ಕೊನೆಯ ಅಕ್ಷರಕ್ಕೆ ಬಾಲ ಎಳೆಯುವುದು ಅವಳ ಅಭ್ಯಾಸ.

ಹಾಲು ಕಂಡಾಗ ನೆನಪಾಯಿತು, ಅಂಗಳದಲ್ಲಿ ಇನ್ನೊಂದು ಫ್ರಿಜ್ ಇದೆ. ಪಿಕಪ್ ಟ್ರಕ್ಕಿಗೆ ಸಿಕ್ಕಿಸಿ ಎಳೆದೊಯ್ಯುವ ಪುಟ್ಟ ಮನೆ, ಟ್ರೇಲರ್‌ನೊಳಗಿನದು. ವೆಂಡೆಲ್ ಸತ್ತಿದ್ದು ಅದನ್ನು ತುಂಬುತ್ತಿದ್ದಾಗ. ಒಂದು ಬುಟ್ಟಿಯಲ್ಲಿ ಬ್ರೆಡ್ಡು, ಈರುಳ್ಳಿ ಹಿಡಿದು ಮೆಟ್ಟಿಲಿಳಿದವನು ಕೆಳಗಿನ ಮೆಟ್ಟಿಲ ಮೇಲೆ ಕೂತ. ಕಿಟಕಿಯಿಂದ ನೋಡಿದ ವ್ಯಾಲರಿ, "ಇಷ್ಟಕ್ಕೇ ಸುಸ್ತಾ? ನಿನ್ನ ಫ್ರೆಂಡ್ಸೆಲ್ಲ ಪಾರ್ಕಿಗೆ ಹೋಗಿ ಊಟ ಮಾಡಿ ಮಲಗಿರ್ತಾರೆ" ಎಂದು ಕೂಗಿದ್ದಳು. ಅವನು ತಿರುಗಿ ನೋಡಿರಲಿಲ್ಲ.

ಅಂಗಳಕ್ಕೆ ಹೋಗಿ ಟ್ರೇಲರ್‌ನ ಬಾಗಿಲು ತೆಗೆದಳು. ಮಾಂಸ ಕೆಟ್ಟಿತ್ತು. ಮೂಗು ಮುಚ್ಚಿಕೊಂಡು ಎಲ್ಲವನ್ನೂ ಚೀಲಕ್ಕೆ ಸುರಿದಳು. ಹೊರಗೆ ಬಂದಾಗ ಟ್ರೇಲರ್‌ನ ಮೂತಿ ಕೆಳಗೆ ಬಾಗಿದ್ದು ಕಂಡಿತು. ಮೂತಿಯಲ್ಲಿರುವ ಜಾಕ್‌ನ ಗುಂಡಿ ಒತ್ತಿದರೆ ಸಾಕು, ಮೋಟಾರು ಗುಂಯ್ ಎಂದು ಎತ್ತುತ್ತದೆ. ಒತ್ತಿದಳು. ಮೂತಿ ಎದ್ದಿತು. ಜಾಕಿನ ಕಾಲು ನೆಲದಲ್ಲಿ ಸರಿಯಾಗಿ ಊರಿದೆಯೇ ಎಂದು ಬಗ್ಗಿ ನೋಡಿದಾಗ, ಮೋಟಾರಿನ ಅಡಿಯಲ್ಲಿ ಒಂದು ಅಂಟುಪಟ್ಟಿ ಕಂಡಿತು. 'ಲೈಲ್.' ಕೊನೆಯ ಅಕ್ಷರಕ್ಕೆ ಬಾಲ.

ವ್ಯಾಲರಿ ಹಾಗೇ ಬಗ್ಗಿಕೊಂಡೇ ಇದ್ದಳು. ಲೈಲ್ ಗ್ಲೆಂಡಾಳ ಗಂಡ. ಈ ಜಾಕ್ ವೆಂಡೆಲ್ ಕೊಂಡದ್ದು. ಹಾಗೆಂದು ಅವನೇ ಹೇಳಿದ್ದ. ಹಿಂದಿನ ಶರತ್ಕಾಲದಲ್ಲಿ ಒಂದು ದಿನ ಕೈಯಿಂದ ತಿರುಗಿಸುವ ಹಳೆಯ ಜಾಕನ್ನು ಬಿಚ್ಚಿ ಷೆಡ್ಡಿನ ಗೋಡೆಗೆ ನೇತುಹಾಕಿ, ಈ ಕರೆಂಟಿನ ಜಾಕ್ ಕೂರಿಸಿದ್ದ. ಅವಳು ನಕ್ಕಿದ್ದಳು. "ಅರವತ್ಮೂರಕ್ಕೇ ಮಹಾರಾಜ ಆಗ್ಬಿಟ್ಯಾ? ಹಿಡಿ ತಿರುಗ್ಸೋಕೂ ಆಳು ಬೇಕಾ?"

"ಹೂಂ ಕಣೇ, ಇನ್ಮೇಲೆ ಎಲ್ಲಾ ಬೆರಳ ತುದೀಲೇ," ಎಂದಿದ್ದ ಅವನು. ಸಂತೋಷವಾಗಿಯೇ ಹೇಳಿದ್ದ.

ಅವಳು ಗ್ಲೆಂಡಾಗೆ ಫೋನ್ ಮಾಡಿದಳು. ಗ್ಲೆಂಡಾ, ಲೈಲ್ ಟ್ರೇಲರ್ ನಿಲ್ಲಿಸಿ ತಂಗುವ ಪಾರ್ಕಿನಲ್ಲಿದ್ದರು. ಹಾರ್ಲನ್, ಅವನ ಹೆಂಡತಿ ಜೊಲೀನ್ ಕೂಡ. ಸರೋವರದ ದಂಡೆಯ ಒತ್ತಿನ ಮೂರು ಜಾಗಗಳನ್ನು ಒಂದು ವರ್ಷ ಮೊದಲೇ, ಬುಕಿಂಗ್ ತೆರೆದ ಬೆಳಿಗ್ಗೆಯೇ, ಮೂರು ಮನೆಯವರೂ ಕೂತು ಹಿಡಿದಿದ್ದರು. ಮಣ್ಣಾದ ಮೇಲೆ ಗ್ಲೆಂಡಾ ಬಂದು, "ನಾವು ಹೋಗಲ್ಲ ಬಿಡು" ಎಂದಾಗ ವ್ಯಾಲರಿಯೇ "ಹೋಗಿ" ಎಂದು ಕಳಿಸಿದ್ದಳು. "ನಿನ್ನ ಜಾಗಕ್ಕೆ ಯಾರೂ ಬರಲ್ಲ," ಎಂದಿದ್ದಳು ಗ್ಲೆಂಡಾ, "ಅದು ಯಾವತ್ತಿಗೂ ನಿಂದೇ." ಆ ಒಂದು ಮಾತನ್ನು ಹಿಡಿದುಕೊಂಡೇ ವ್ಯಾಲರಿ ಈ ಎರಡು ರಾತ್ರಿ ನಿದ್ದೆ ಮಾಡಿದ್ದಳು. ಅವಳಿಗೆ ನಲವತ್ತು. ಅವರೆಲ್ಲ ಕೆಲಸದಿಂದ ನಿವೃತ್ತರಾದ ಗಂಡ ಹೆಂಡಿರು. ವೆಂಡೆಲ್‌ನ ಮೊದಲ ಹೆಂಡತಿ ಬೆವರ್ಲಿಯ ಕಾಲದಿಂದ ಕೂಡಿದ ಗುಂಪು. ವೆಂಡೆಲ್ ಕೈಹಿಡಿದು ಕರೆತಂದನೆಂದು ಬಳಗಕ್ಕೆ ಸೇರಿಸಿಕೊಂಡಿದ್ದರು, 'ಕೂಸು' ಎಂದು ಕರೆದಿದ್ದರು. ಅವನಿಲ್ಲದ ಮೇಲೆ ಅವರು ತನ್ನವರೋ ಅಲ್ಲವೋ ಎಂಬುದೊಂದೇ ಅವಳಿಗೆ ಉಳಿದಿದ್ದ ಪ್ರಶ್ನೆ. ಆ ಊರಿನಲ್ಲಿ ಅವಳಿಗೆ ಬೇರೆ ಯಾರೂ ಇರಲಿಲ್ಲ.

"ಗ್ಲೆಂಡಾ, ನಮ್ಮ ಟ್ರೇಲರ್‌ನ ಜಾಕ್ ಮೇಲೆ ಲೈಲ್ ಹೆಸರಿದೆ."

"ಅಯ್ಯೋ ಅದಾ? ಇಟ್ಕೋ ಕೂಸೇ. ನಮಗೇನು ಅರ್ಜೆಂಟು. ಹಿಡಿ ಮುಟ್ಟಲೇಬೇಡ ಅಂತ ಡಾಕ್ಟ್ರು ಹೇಳಿದ್ಮೇಲೆ ಇನ್ನೇನ್ ಮಾಡೋದು, ಇವ್ರು ನಮ್ದನ್ನೇ ಬಿಚ್ಚಿ ಕೊಟ್ರು. ಲೈಲ್‌ಗೂ ಸ್ವಲ್ಪ ಬೊಜ್ಜು ಕರಗ್ಲಿ ಅಂತ ನಾನೂ…"

ಫೋನಿನಲ್ಲಿ ಯಾರೋ ಸೌದೆ ಒಡೆಯುವ ಸದ್ದು ಕೇಳುತ್ತಿತ್ತು.

"ಯಾವ ಡಾಕ್ಟ್ರು?" ಎಂದಳು ವ್ಯಾಲರಿ.

"ಅವನು ನಿಂಗೆ ಹೇಳಿರ್ಲಿಲ್ವಾ? ಕೊನೇಗಾದ್ರೂ?"

"ಏನನ್ನ?"

"ಎದೇದು. ಹೋದ ಅಕ್ಟೋಬರ್‌ನಲ್ಲಿ… ಹೇಳ್ತೀನಿ ಹೇಳ್ತೀನಿ ಅಂತಿದ್ದ. ಹೇಳಿರ್ತಾನೆ ಅನ್ಕೊಂಡೆ ಕಣೇ."

"ಲೈಲ್‌ಗೆ ಗೊತ್ತಿತ್ತು. ಹಾರ್ಲನ್‌ಗೆ?"

"ವ್ಯಾಲ್, ನೋಡಿಲ್ಲಿ…"

"ಜೊಲೀನ್‌ಗೆ?"

ಸೌದೆ ಒಡೆಯುವ ಸದ್ದು ನಿಂತಿತು. "ಎಲ್ರಿಗೂ," ಎಂದಳು ಗ್ಲೆಂಡಾ.

ವ್ಯಾಲರಿ ಫೋನ್ ಇಟ್ಟಳು. ಅಳು ಬರಬಹುದೆಂದು ಕಾದಳು, ಬರಲಿಲ್ಲ. ಜೂನ್ ತಿಂಗಳ ಬಿಸಿಲಿನಲ್ಲಿ ಅಲ್ಲೇ ನೆಲದ ಮೇಲೆ ಕೂತಳು.

ಚರ್ಚಿನಲ್ಲಿ ಹಾರ್ಲನ್ ಎದ್ದು ನಿಂತು ಮಾತಾಡಿದ್ದ. 'ಹೀಗೆ ದಿಢೀರಂತ ಹೋಗ್ತಾನೆ ಅಂತ ಯಾರು ಕಂಡಿದ್ರು?' ಎಂದಿದ್ದ. ಮುಂದಿನ ಸಾಲಿನಲ್ಲಿ ಲೈಲ್ ತಲೆಯಾಡಿಸಿದ್ದ. ಜೊಲೀನ್ ಇವಳ ಕೈ ಒತ್ತಿದ್ದಳು. ಪೆಟ್ಟಿಗೆಗೆ ಹೆಗಲು ಕೊಟ್ಟವರು ಅವರು. ಆ ಚರ್ಚಿನಲ್ಲಿ ನಿಜವಾಗಿ ಬೆಚ್ಚಿಬಿದ್ದವಳು ತಾನೊಬ್ಬಳೇ ಎಂದು ಅವಳಿಗೆ ಈಗ ಅರ್ಥವಾಯಿತು. ಉಳಿದವರೆಲ್ಲ ಅವಳಿಗೆ ಜೊತೆ ಕೊಡಲು ಬೆಚ್ಚಿದವರು.

ಕಳೆದ ಎಂಟು ತಿಂಗಳು ಹಿಂದಿನಿಂದ ಮುಂದಕ್ಕೆ ಬಿಚ್ಚಿಕೊಳ್ಳತೊಡಗಿತು. ಪಾರ್ಕ್ ತಲುಪಿದ ಕೂಡಲೇ ಹಾರ್ಲನ್ ತಮ್ಮ ಜಾಗಕ್ಕೆ ಬಂದು, "ಏಯ್, ನಿಂಗೆ ಟ್ರೇಲರ್ ಮಟ್ಟ ಮಾಡೋಕೆ ಯಾವತ್ತೂ ಬರ್ಲಿಲ್ಲ, ಸರಿ ಆಚೆ" ಎಂದು ಮರದ ಹಲಗೆಗಳನ್ನು ಕಸಿದುಕೊಳ್ಳುತ್ತಿದ್ದುದು. ನೀರಿನ ಕೊಡ ಹೊರಲು ಲೈಲ್ ಓಡಿ ಬರುತ್ತಿದ್ದುದು. ಬೆಂಕಿಯ ಸುತ್ತ ಕೂತಾಗ ಗ್ಲೆಂಡಾ ವೆಂಡೆಲ್‌ನ ಮಣಿಕಟ್ಟು ಹಿಡಿದುಕೊಂಡೇ ಕತೆ ಹೇಳುತ್ತಿದ್ದುದು. "ಲೈಲ್, ನಿನ್ ಹೆಂಡ್ತಿ ಕೈ ಎಲ್ಲಿದೆ ನೋಡೋ" ಎಂದು ಹಾರ್ಲನ್ ಕಿಚಾಯಿಸಿದಾಗ ಎಲ್ಲರೂ ನಕ್ಕಿದ್ದರು. ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವಳು ವ್ಯಾಲರಿ. ಗ್ಲೆಂಡಾ ಇಡೀ ಆಯುಸ್ಸು ಆಸ್ಪತ್ರೆಯಲ್ಲಿ ನರ್ಸಾಗಿದ್ದವಳು. ಅವಳು ನಾಡಿ ನೋಡುತ್ತಿದ್ದಳು.

ಚಳಿಗಾಲ ಕಳೆದ ಮೇಲೆ ವೆಂಡೆಲ್ ಟ್ರಕ್ಕಿನ ಕೀ ಇವಳ ಕೈಗೆ ಕೊಟ್ಟು, "ಎಳ್ಕೊಂಡು ಹೋಗೋದು ನೀನೂ ಕಲಿ, ನಾನು ಪಕ್ಕದಲ್ಲಿ ಕೂತು ದಾರಿ ನೋಡ್ತೀನಿ" ಎಂದಿದ್ದ. ಸೋಮಾರಿ ಎಂದು ಬೈದಿದ್ದಳು. ಟ್ರಕ್ಕಿಗೆ ಟ್ರೇಲರ್ ಸಿಕ್ಕಿಸುವುದು, ಸರಪಳಿ ಅಡ್ಡ ಹಾಕುವುದು, ದೀಪ ನೋಡುವುದು, ಎಲ್ಲವನ್ನೂ ಅವಳ ಕೈಯಿಂದಲೇ ಮಾಡಿಸಿದ್ದ. ಟ್ರೇಲರ್ ಸಮೇತ ಗಾಡಿ ಹಿಂದಕ್ಕೆ ಹಾಕುವುದೊಂದು ಬಾಕಿ ಇತ್ತು. "ಅದು ಬೇಸಿಗೇಲಿ," ಎಂದಿದ್ದ.

ಮಧ್ಯಾಹ್ನದ ಹೊತ್ತಿಗೆ ಅವಳು ಎದ್ದಳು. ಏನು ಮಾಡುತ್ತೇನೆಂದು ಯೋಚಿಸಿದವಳಂತೆ ಇರಲಿಲ್ಲ. ಟ್ರಕ್ಕನ್ನು ಹಿಂದಕ್ಕೆ ತಂದು, ಇಳಿದು ನೋಡಿ, ಮತ್ತೆ ಹತ್ತಿ, ಟ್ರೇಲರ್ ಸಿಕ್ಕಿಸುವ ಕಬ್ಬಿಣದ ಗುಂಡು ಸರಿಯಾಗಿ ಟ್ರೇಲರ್‌ನ ಮೂತಿಯ ಕೆಳಗೆ ಬರುವವರೆಗೆ ಸರಿಸಿದಳು. ಗುಂಡಿ ಒತ್ತಿ ಇಳಿಸಿದಳು. ಭಾರ ಟ್ರಕ್ಕಿನ ಮೇಲೆ ಕೂತಿತು. ಇನ್ನು ಜಾಕ್ ಇಲ್ಲದಿದ್ದರೂ ಟ್ರೇಲರ್ ನಿಲ್ಲುತ್ತದೆ. ಆಮೇಲೆ ತಂತಿ ಬಿಚ್ಚಿ, ಮೂರು ಬೋಲ್ಟು ತೆಗೆದು, ಲೈಲ್‌ನ ಜಾಕನ್ನು ತೂತಿನಿಂದ ಮೇಲಕ್ಕೆಳೆದಳು. ಅಷ್ಟು ಭಾರವಿರುತ್ತದೆಂದು ಅಂದುಕೊಂಡಿರಲಿಲ್ಲ.

ಷೆಡ್ಡಿನ ಗೋಡೆಯಿಂದ ಹಳೆಯ ಕೈಜಾಕ್ ಇಳಿಸಿ ಆ ತೂತಿಗೆ ಕೂರಿಸಿದಳು. ಬಿಚ್ಚಿದ್ದ ಜಾಕನ್ನು ಬೆಂಚಿನ ಮೇಲಿಟ್ಟು ಬಟ್ಟೆಯಿಂದ ಒರೆಸಿದಳು, ಕೊಳವೆಯ ಒಳಗೆಲ್ಲ ಹೊಸ ಗ್ರೀಸ್ ಹಚ್ಚಿದಳು. ಟವಲಿನಲ್ಲಿ ಸುತ್ತಿ ಟ್ರಕ್ಕಿನ ಹಿಂದಿನ ಸೀಟಿನಲ್ಲಿ ಮಲಗಿಸಿದಳು. ಹೊರಟಳು.

ಪಾರ್ಕಿನಲ್ಲಿ ವಾರದ ನಡುವಿನ ಮೌನವಿತ್ತು. ಶನಿವಾರ ಭಾನುವಾರ ದುಡಿಯುವವರಿಗೆ, ಮಂಗಳವಾರ ಬುಧವಾರ ದುಡಿದು ಮುಗಿಸಿದವರಿಗೆ. ಅದು ಅಲ್ಲಿ ತಾನಾಗಿಯೇ ಆದ ಹಂಚಿಕೆ. ಸರೋವರದ ಕಡೆಯ ಸುತ್ತಿನಲ್ಲಿ ಓಕ್ ಮರಗಳ ಕೆಳಗೆ ಎರಡು ಟ್ರೇಲರ್‌ಗಳು, ನಡುವೆ ಒಂದು ಖಾಲಿ ಜಾಗ. ಆ ಜಾಗದ ಕಂಬಕ್ಕೆ ಪಾರ್ಕಿನವರು ಸಿಕ್ಕಿಸಿದ ಚೀಟಿಯಲ್ಲಿ ವೆಂಡೆಲ್‌ನ ಹೆಸರು ಇನ್ನೂ ಇತ್ತು. ನಾಲ್ಕೂ ಜನ ಲೈಲ್‌ನ ಟ್ರೇಲರಿನಿಂದ ಹೊರಚಾಚಿದ ಜಗಲಿಬಟ್ಟೆಯ ನೆರಳಲ್ಲಿ ಮಡಿಸುವ ಕುರ್ಚಿ ಹಾಕಿ ಕೂತಿದ್ದವರು ಟ್ರಕ್ಕನ್ನು ನೋಡಿ ಎದ್ದು ನಿಂತರು.

ವ್ಯಾಲರಿ ಅವರತ್ತ ನೋಡಲಿಲ್ಲ. ಖಾಲಿ ಜಾಗವನ್ನು ದಾಟಿ ಮುಂದೆ ಹೋಗಿ, ಹಿಂದಕ್ಕೆ ಹಾಕಿದಳು. ಸ್ಟಿಯರಿಂಗ್ ಬಲಕ್ಕೆ ತಿರುಗಿಸಿದರೆ ಟ್ರೇಲರ್ ಎಡಕ್ಕೆ ಹೋಯಿತು. ಸರಿಪಡಿಸಲು ಹೋದರೆ ಮುರಿದ ಮೊಣಕೈಯಂತೆ ಮಡಿಚಿಕೊಂಡಿತು. ಮುಂದಕ್ಕೆ ತಂದು ಮತ್ತೆ ಹಾಕಿದಳು. ಈ ಸಲ ಓಕ್ ಮರದ ಕಡೆ ಹೊರಟಿತು.

ಇನ್ನೊಬ್ಬರು ಟ್ರೇಲರ್ ಹಿಂದಕ್ಕೆ ಹಾಕುವುದನ್ನು ನೋಡುವುದು ಆ ಬಯಲಿನ ದೊಡ್ಡ ಮನರಂಜನೆ. ಬಿಯರ್ ಹಿಡಿದು ಕೂತು ಪ್ರತಿ ತಿರುವಿಗೂ ಒಂದೊಂದು ಮಾತು ಎಸೆಯದಿದ್ದರೆ ಹಾರ್ಲನ್‌ಗೆ ಊಟ ಸೇರುತ್ತಿರಲಿಲ್ಲ. ಇವತ್ತು ನಾಲ್ವರೂ ಕೈಕಟ್ಟಿ ನಿಂತಿದ್ದರು, ಒಂದು ಮಾತಿಲ್ಲ. ಪೆಟ್ಟಿಗೆ ಇಳಿಸುವಾಗ ನಿಂತಿದ್ದರಲ್ಲ, ಹಾಗೆ.

ಅವಳು ಗಾಜು ಇಳಿಸಿದಳು. "ಯಾರಾದ್ರೂ ಏನಾದ್ರೂ ಅನ್ನಿ."

ಹಾರ್ಲನ್ ಕಟ್ಟಿದ್ದ ಕೈ ಬಿಚ್ಚಿ ಓಕ್ ಮರದ ಕಡೆ ತೋರಿಸಿದ. "ಆ ಮರ ನಮ್ಮಜ್ಜನ ಕಾಲದಿಂದ ಅಲ್ಲೇ ಇದೆ. ನಿನ್ನ ನೋಡಿ ಜರುಗಲ್ಲ."

"ಆಮೇಲೆ?"

"ಸ್ಟಿಯರಿಂಗ್ ಕೆಳಗಡೆ ಹಿಡ್ಕೊ. ಕೈ ಯಾವ ಕಡೆ ಹೋಗುತ್ತೋ ಬಾಲಾನೂ ಆ ಕಡೆ ಹೋಗುತ್ತೆ. ನಿಧಾನ. ಇನ್ನೂ ನಿಧಾನ. ಮೇಡಂ, ಇದು ಬೆಂಕಿ ನಂದಿಸೋಕೆ ಹೋಗ್ತಿರೋ ಗಾಡಿಯಲ್ಲ."

ಜೊಲೀನ್ ಗಂಡನ ತೋಳಿಗೆ ತಟ್ಟಿದಳು. ಆದರೆ ಅವನು ನಿಲ್ಲಿಸಲಿಲ್ಲ, ವ್ಯಾಲರಿಯೂ ನಿಲ್ಲಿಸೆನ್ನಲಿಲ್ಲ. ಎಷ್ಟನೆಯ ಸಲಕ್ಕೋ ಟ್ರೇಲರ್ ಸೊಟ್ಟಗೆ, ಆದರೂ ತನ್ನ ಜಾಗದೊಳಗೆ, ನಿಂತಿತು.

ಇಳಿದು ಚಕ್ರಕ್ಕೆ ಅಡ್ಡಗಟ್ಟೆ ಇಟ್ಟಳು. ಕೈಜಾಕ್‌ನ ಹಿಡಿಯನ್ನು ಹಿಡಿದು ತಿರುಗಿಸತೊಡಗಿದಳು. ಅದು ಕಿರ್ ಕಿರ್ ಎನ್ನುತ್ತ ಕೂದಲೆಳೆಯಷ್ಟೇ ಏರುತ್ತಿತ್ತು. ಲೈಲ್ ಜಗಲಿಬಟ್ಟೆಯ ನೆರಳಿನಿಂದ ಹೊರಬಂದ. "ಬಿಡಮ್ಮ, ನಾನ್ ಮಾಡ್ತೀನಿ."

"ಕೂತ್ಕೊ, ಲೈಲ್."

"ಭಾರ ಕಣೇ ಅದು."

"ಗೊತ್ತಾಗ್ತಿದೆ. ಕೂತ್ಕೊ."

ಅವನು ಕೂರಲಿಲ್ಲ, ಹತ್ತಿರವೂ ಬರಲಿಲ್ಲ. ಅವಳು ತಿರುಗಿಸುತ್ತಲೇ ಇದ್ದಳು. ಬೆವರು ಕಣ್ಣಿಗಿಳಿಯಿತು. ತೋಳು ನೋಯತೊಡಗಿತು. ಇದೇ ಹಿಡಿಯನ್ನು ಹೋದ ವರ್ಷದ ಬೇಸಿಗೆಯವರೆಗೂ ವೆಂಡೆಲ್ ತಿರುಗಿಸಿದ್ದ, ನಡುನಡುವೆ ನಿಂತು ಆಕಾಶ ನೋಡುತ್ತ. 'ಹಕ್ಕಿ ನೋಡೋದು ಆಮೇಲೆ, ಮೊದ್ಲು ಮುಗಿಸು' ಎಂದು ತಾನು ಹೇಳಿದ್ದು ನೆನಪಾಯಿತು. ಕೊನೆಗೊಮ್ಮೆ ಮೂತಿ ಗುಂಡಿನಿಂದ ಟಕ್ಕೆಂದು ಬಿಟ್ಟುಕೊಂಡು ಮೇಲೆದ್ದಿತು.

"ಎಂಟು ತಿಂಗಳು," ಎಂದಳು ವ್ಯಾಲರಿ, ಹಿಡಿಯನ್ನು ಬಿಡದೆ. "ನನ್ನೊಬ್ಬಳನ್ನ ಬಿಟ್ಟು."

ಗ್ಲೆಂಡಾ ಬಾಯಿ ತೆರೆದಳು. ಜೊಲೀನ್ ಅವಳಿಗಿಂತ ಮೊದಲು ಮಾತಾಡಿದಳು. ಜೊಲೀನ್ ಗುಂಪಿನಲ್ಲಿ ಕಡಿಮೆ ಮಾತಿನವಳು.

"ನೀನು ಬೆವರ್ಲಿಯ ಕೊನೇ ವರ್ಷ ನೋಡಿಲ್ಲ. ನಾವು ಅವಳ ಮುಂದೆ ಪಿಸುಪಿಸು ಮಾತಾಡ್ತಿದ್ವಿ. ಅವಳ ಕಾಫಿಗೆ ಸಕ್ಕರೆ ಹಾಕೋಕೂ ಮೂರ್ ಜನ ಏಳ್ತಿದ್ವಿ. ಬೆಂಕಿ ಮುಂದೆ ಕೂತ್ರೂ ಆಸ್ಪತ್ರೆ ವಾರ್ಡಲ್ಲಿ ಕೂತ ಹಾಗಿರ್ತಿತ್ತು. ವೆಂಡೆಲ್ ಅದನ್ನೆಲ್ಲ ನೋಡಿದ್ದ. ಅವನು ಅಕ್ಟೋಬರ್‌ನಲ್ಲಿ ನಮ್ಮನ್ನ ಕೂರಿಸ್ಕೊಂಡು ಹೇಳಿದ್ದಿಷ್ಟೇ. 'ನನ್ನ ಬೈಯೋಳು ಅವಳೊಬ್ಬಳಿದಾಳೆ. ಅದನ್ನ ನನ್ನಿಂದ ಕಿತ್ಕೋಬೇಡಿ.'"

"ಅವನಿಂದ ಕಿತ್ಕೊಳ್ಲಿಲ್ಲ," ಎಂದಳು ವ್ಯಾಲರಿ. "ನನ್ನಿಂದ ಕಿತ್ಕೊಂಡ್ರಿ."

ಅವಳು ಹಿಡಿಯಿಂದ ಕೈ ತೆಗೆದು ಗ್ಲೆಂಡಾಳ ಕಡೆ ತಿರುಗಿದಳು.

"ಮೆಟ್ಟಿಲ ಮೇಲೆ ಕೂತಾಗಲೂ ಬೈದೆ. ಸತ್ತವನನ್ನ ಬೈದೆ, ಗ್ಲೆಂಡಾ. ಕಿಟಕಿಯಿಂದ."

ಗ್ಲೆಂಡಾ ಎರಡು ಹೆಜ್ಜೆ ಮುಂದೆ ಬಂದಳು. ವ್ಯಾಲರಿಯ ಮುಖ ನೋಡಿ ಅಲ್ಲಿಯೇ ನಿಂತಳು. "ತಪ್ಪಾಯ್ತು ಅಂತ ಹೇಳಿದ್ರೆ ಸುಲಭ ಆಗ್ಬಿಡುತ್ತೆ. ಹೇಳಲ್ಲ ನಾನು."

"ಬೇಡ."

ಸರೋವರದ ಕಡೆಯಿಂದ ಯಾರದೋ ದೋಣಿಯ ಮೋಟಾರು ಕೇಳಿ ಮರೆಯಾಯಿತು. ವ್ಯಾಲರಿ ಟ್ರೇಲರ್‌ನ ಪಕ್ಕದ ಗೂಡಿನಿಂದ ಒಂದು ಕುರ್ಚಿ ಎಳೆದಳು. ಅದರ ಜೊತೆಗೇ ಇನ್ನೊಂದು ಜಾರಿ ಬಂತು; ಅದನ್ನು ಒಳಕ್ಕೆ ತಳ್ಳಿದಳು. ಕುರ್ಚಿಯನ್ನು ಬಿಡಿಸಿ ಅವರ ಸುತ್ತಿಗೆ ಸೇರಿಸದೆ, ತನ್ನ ಜಾಗದಲ್ಲಿ, ತಣ್ಣಗಿದ್ದ ಬೆಂಕಿಗುಳಿಯ ಪಕ್ಕ ಇಟ್ಟಳು. ಕೂರಲಿಲ್ಲ.

"ಅವನು ಹೆದರಿದ್ನಾ?"

ಗ್ಲೆಂಡಾ ಗಂಡನ ಮುಖ ನೋಡಿದಳು. ಲೈಲ್ ನೆಲ ನೋಡುತ್ತಿದ್ದ.

"ಹೆದರಿದ್ದ," ಎಂದಳು. "ಮಾರ್ಚಲ್ಲಿ ಒಂದು ಸಲ, ಆ ದೋಣಿಕಟ್ಟೆ ಹತ್ರ. ನೀನು ಆಗ ಯಾವ್ದೋ ಪಾಚಿ ಹುಡುಕ್ಕೊಂಡು ಹೋಗಿದ್ದೆ. ಇನ್ನೊಂದ್ಸಲ… ಅದು ಉದ್ದದ ಕತೆ. ನಿಂತ್ಕೊಂಡು ಹೇಳೋದಲ್ಲ."

ಪಾಚಿ. ಅದು ವ್ಯಾಲರಿಗೆ ನೆನಪಿತ್ತು. ತಾನು ಪಾಠ ಹೇಳುವ ಕಾಲೇಜಿನ ಹುಡುಗರಿಗೆ ತೋರಿಸಲೆಂದು ಬಂಡೆಯಿಂದ ಕೆರೆದು ತಂದದ್ದು. ಹಿಂದಿರುಗಿದಾಗ ವೆಂಡೆಲ್ ದೋಣಿಕಟ್ಟೆಯ ಮೇಲೆ ಕೂತು ಕಾಲಾಡಿಸುತ್ತಿದ್ದ, ಪಕ್ಕದಲ್ಲಿ ಗ್ಲೆಂಡಾ. ಇಬ್ಬರೂ ಅವಳನ್ನು ನೋಡಿ ಕೈಬೀಸಿದ್ದರು. ಆ ದಿನದ ಇನ್ನರ್ಧ ಇವರ ಹತ್ತಿರ ಇದೆ. ಅಂಥ ಎಷ್ಟು ದಿನಗಳ ಅರ್ಧವೋ.

"ನೀವಿಲ್ಲಿ ಯಾವತ್ತಿನವರೆಗೆ ಇರ್ತೀರಿ?"

"ಶುಕ್ರವಾರ," ಎಂದ ಲೈಲ್. "ಬೇಕಂದ್ರೆ ಇನ್ನೂ ಇರ್ತೀವಿ. ಜಾಗ ಸಿಗದಿದ್ರೆ ರಸ್ತೆ ಮೇಲಾದ್ರೂ."

"ಶುಕ್ರವಾರ ಸಾಕು. ಎಲ್ಲಾ ಹೇಳ್ಬೇಕು. ನಂಗೆ ನೋವಾಗುತ್ತೆ ಅಂತ ಏನೂ ಬಿಡೋ ಹಾಗಿಲ್ಲ. ನಗೋ ಅಂಥದ್ದನ್ನೂ."

"ನಗೋದು ಜಾಸ್ತಿ ಇದೆ," ಎಂದ ಹಾರ್ಲನ್, ಮೆಲ್ಲಗೆ. "ನೀನು ಅವನಿಗೆ ಮಹಾರಾಜ ಅಂದಿದ್ಯಂತೆ. ತಿಂಗಳುಗಟ್ಲೆ ಅದನ್ನೇ ಹೇಳ್ಕೊಂಡು ಓಡಾಡ್ತಿದ್ದ."

ವ್ಯಾಲರಿ ಟ್ರಕ್ಕಿನ ಹಿಂಬಾಗಿಲು ತೆರೆದಳು. ಟವಲನ್ನು ಬಿಚ್ಚಿ ಸೀಟಿನ ಮೇಲೆ ಬಿಟ್ಟು, ಜಾಕನ್ನು ಎರಡೂ ಕೈಯಲ್ಲಿ ಎದೆಗವಚಿಕೊಂಡು, ತನ್ನ ಜಾಗವನ್ನೂ ಅವರ ಜಾಗವನ್ನೂ ಬೇರೆ ಮಾಡುವ ಹುಲ್ಲಿನ ಪಟ್ಟಿಯನ್ನು ದಾಟಿ ಲೈಲ್‌ನ ಎದುರು ನಿಂತಳು.

"ಇಟ್ಕೋ ಅಂದ್ಲಲ್ಲ ಗ್ಲೆಂಡಾ," ಎಂದ ಲೈಲ್.

"ಅಂದ್ಲು. ತಗೋ."

ಅವನು ಕೈಚಾಚಿದ. ಕೊಳವೆಯ ಮೇಲೆ ಅವನ ಹೆಬ್ಬೆರಳು ಜಾರಿತು. ತಿರುಗಿಸಿ ನೋಡಿದ, ತಳದ ಅಂಟುಪಟ್ಟಿ ಹಾಗೇ ಇತ್ತು, ಅದರ ಸುತ್ತ ಒಂದು ಚೂರೂ ಕೊಳೆ ಇರಲಿಲ್ಲ.

"ಗ್ರೀಸ್ ಹಾಕಿದೀಯ."

"ಇಸ್ಕೊಂಡಿದ್ದನ್ನ ಇಸ್ಕೊಂಡ ಹಾಗೇ ವಾಪಸ್ ಕೊಡಬಾರದು ಅಂತಿದ್ದ."

ಲೈಲ್ ತಲೆಯಾಡಿಸಿದ. ಈ ಸಲ ಅವನು ಅವಳ ಕಣ್ಣಿನಿಂದ ಕಣ್ಣು ತೆಗೆಯಲಿಲ್ಲ. ಭಾರ ಪೂರ್ತಿ ಅವನ ಕೈಗೆ ಬಂದಿದೆ ಎಂದು ಖಾತ್ರಿಯಾಗುವವರೆಗೆ ಕಾದು, ವ್ಯಾಲರಿ ತನ್ನ ಕೈ ಬಿಟ್ಟಳು.